ಎರವಲು ಕಣ್ಣು

ಟೈಲರಿಗೆ ಸಕ್ಕರೆ ಕಾಯಿಲೆಯ ಭಯವಿರಲಿಲ್ಲ. ಕಣ್ಣಾಸ್ಪತ್ರೆಯ ಹನಿ ಔಷಧದ ಭಯವಿತ್ತು. ಆ ಹನಿ ಬಿದ್ದರೆ ಅರ್ಧ ದಿನ ಜಗತ್ತೆಲ್ಲ ಮಂಜು. ಜೊತೆಗೆ ಡಾಕ್ಟರಮ್ಮನ ಬೈಗುಳ ಬೇರೆ. ಹಾಗಾಗಿ ಆಸ್ಪತ್ರೆಯವರು ಅವನ ಮೊಬೈಲಿಗೆ ಒಂದು ಪರೀಕ್ಷೆ ಹಾಕಿಕೊಟ್ಟು, "ವಾರಕ್ಕೊಮ್ಮೆ ಮನೇಲೇ ಮಾಡಿ, ಫಲಿತಾಂಶ ತಾನಾಗೇ ನಮಗೆ ಬರುತ್ತೆ. ಆದ್ರೂ ವರ್ಷಕ್ಕೊಮ್ಮೆ ಇಲ್ಲಿಗೆ ಬರಲೇಬೇಕು" ಎಂದಾಗ ಅವನ ಕಿವಿ ಮೊದಲರ್ಧವನ್ನಷ್ಟೇ ಒಳಗೆ ಬಿಟ್ಟುಕೊಂಡಿತು.

ಒಂದು ಕಣ್ಣು ಮುಚ್ಚಿಕೊಂಡು ಚೌಕಳಿ ಗೆರೆಗಳನ್ನು ನೋಡಬೇಕು, ಡೊಂಕು ಕಂಡ ಕಡೆ ಒತ್ತಬೇಕು. ಒಂದು ಡೊಂಕು ಕಣ್ತಪ್ಪಿದರೂ ಫೇಲು ಎಂದು ಟೈಲರು ತಾನೇ ತೀರ್ಮಾನಿಸಿಕೊಂಡ. ಫೇಲಾದರೆ ಹನಿ. ಸಂಜೆಗೆ ಮದುಮಗನ ಕೋಟು ಬೇರೆ ಕೊಡಬೇಕಿತ್ತು. ಇನ್ನೂ ತೋಳು ಹಚ್ಚಿರಲಿಲ್ಲ. ಮೆಲ್ಲಗೆ ಪಕ್ಕದ ಸಲೂನಿಗೆ ನುಗ್ಗಿದ.

ಸಲೂನಿನವನಿಗೆ ಬೀದಿಯೆಲ್ಲ ಇಟ್ಟ ಹೆಸರು ಹದ್ದು. ಆ ತುದಿಯಲ್ಲಿ ಹೋಗುವವನ ಬಿಳಿಗೂದಲನ್ನು ಈ ತುದಿಯಿಂದ ಎಣಿಸುತ್ತೇನೆಂದು ಕೊಚ್ಚಿಕೊಂಡು ಸಂಪಾದಿಸಿದ ಹೆಸರು ಅದು. ಈಚೆಗೆ ಒಬ್ಬಿಬ್ಬರ ಮೀಸೆ ಒಂದು ಕಡೆ ಗಿಡ್ಡವಾದಾಗಲೂ "ಈಗ ಇದೇ ಸ್ಟೈಲು" ಎಂದು ಸಾಧಿಸಿದ್ದ.

"ನನ್ನ ಬದಲು ನೀನೇ ಒತ್ತಿಬಿಡೋ ಮಾರಾಯ" ಎಂದ ಟೈಲರು.

ಹದ್ದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ಚಕಚಕನೆ ಒತ್ತಿ ಫೋನು ವಾಪಸು ಕೊಟ್ಟ. "ತಗೋ. ನೂರಕ್ಕೆ ನೂರು."

ಟೈಲರು ಅಂಗಡಿಗೆ ಬಂದು ತೋಳಿಗೆ ಕತ್ತರಿ ಹಾಕುವಷ್ಟರಲ್ಲಿ ಫೋನು ಬಡಿದುಕೊಂಡಿತು. "ನಿಮ್ಮ ಕಣ್ಣು ತುಂಬಾ ಕೆಟ್ಟಿರೋ ಹಾಗೆ ಕಾಣ್ತಿದೆ. ಈಗಲೇ ಬನ್ನಿ. ಒಬ್ಬರೇ ಬರಬೇಡಿ" ಎಂದಳು ನರ್ಸು.

ಗುಂಡಿ ಹಾಕುತ್ತ ಕುಳಿತಿದ್ದ ಹೆಂಡತಿಗೆ ಎಲ್ಲವೂ ಕೇಳಿಸಿತು. ನಿಜ ಹೇಳಿದರೆ ಅವಳು ಬಿಡುವವಳಲ್ಲ, ಹೇಳದಿದ್ದರೆ ಆಸ್ಪತ್ರೆ ತಪ್ಪುವುದಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಟೈಲರು ಬಾಯಿ ಹೊಲಿದುಕೊಂಡ.

ಹೆಂಡತಿಯ ಗೋಳಾಟಕ್ಕೆ ಬೀದಿಗೆ ಬೀದಿಯೇ ನೆರೆಯಿತು. ಸೈಕಲ್ ಅಂಗಡಿಯವನು ಮೂಗಿನ ಮುಂದೆ ಬೆರಳು ಹಿಡಿದು "ಎಷ್ಟು ಹೇಳಿ" ಎಂದ. ಮಹಡಿ ಮನೆಯ ಅಜ್ಜಿ, "ಪಾಪ, ಕಣ್ಣಿದ್ದಾಗ ಎಷ್ಟು ಚೆನ್ನಾಗಿ ಹೊಲೀತಿದ್ದ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುದ್ದಿ ಕೇಳಿ ಓಡಿ ಬಂದ ಮದುಮಗ ತೋಳಿಲ್ಲದ ಕೋಟನ್ನೇ ಕಿತ್ತುಕೊಂಡು ಹೋದ.

"ನಾನು ಕರ್ಕೊಂಡು ಹೋಗ್ತೀನಿ" ಎಂದು ಹದ್ದು ಟೈಲರಿನ ತೋಳು ಹಿಡಿದ. ಹೆಂಡತಿಯೂ ಹಿಂದೆಯೇ ಹೊರಟಳು. ದಾರಿಯುದ್ದಕ್ಕೂ ಪಿಸುಗುಟ್ಟಿದ: "ನಾನು ಸರಿಯಾಗೇ ಒತ್ತಿದೀನಿ ಕಣೋ. ಅವರ ಮಷೀನೇ ಸರಿ ಇಲ್ಲ." ಹೀಗೆನ್ನುತ್ತಲೇ ಹೋಗಿ ಆಸ್ಪತ್ರೆಯ ಗಾಜಿನ ಬಾಗಿಲಿಗೆ ಹಣೆ ಚಚ್ಚಿಕೊಂಡ.

ಹನಿ ಬಿತ್ತು, ಜಗತ್ತು ಮಂಜಾಯಿತು. ಡಾಕ್ಟರಮ್ಮ ಟೈಲರಿನ ಕಣ್ಣೊಳಗೆ ಬಗ್ಗಿ ಬಗ್ಗಿ ನೋಡಿದರು.

"ಹೋದ ವರ್ಷದ ಹಾಗೇ ಇದೆ, ಏನೂ ತೊಂದರೆ ಇಲ್ಲ. ಮತ್ತೆ ಬೆಳಗ್ಗೆ ಅಷ್ಟೊಂದು ಕಡೆ ಯಾಕೆ ಒತ್ತಿದ್ರಿ?"

ಹದ್ದಿಗೆ ತಡೆಯಲಾಗಲಿಲ್ಲ. "ಒತ್ತಿದ್ದು ನಾನು ಡಾಕ್ಟ್ರೇ. ಒಂದು ಡೊಂಕನ್ನೂ ಬಿಟ್ಟಿಲ್ಲ, ಬೇಕಾದ್ರೆ ಎಣಿಸಿ ನೋಡಿ."

"ಅದರಲ್ಲಿ ಡೊಂಕು ಗೆರೆನೇ ಇಲ್ಲ" ಎಂದರು ಡಾಕ್ಟರಮ್ಮ. "ಎಲ್ಲಾ ನೆಟ್ಟಗಿವೆ."

ಹೆಂಡತಿ ಗಂಡನತ್ತ ತಿರುಗಿದಳು. ಅವಳ ಮುಖ ಕಾಣದಿದ್ದುದು ಆ ಹನಿ ಮಾಡಿದ ಒಂದೇ ಉಪಕಾರ.

ಹದ್ದಿನ ಕಣ್ಣಿಗೂ ಹನಿ ಬಿತ್ತು, ರಕ್ತವನ್ನೂ ನೋಡಿದರು. ಎಷ್ಟೋ ವರ್ಷದ ಸಕ್ಕರೆ ಕಾಯಿಲೆ, ಅವನಿಗೇ ಗೊತ್ತಿರಲಿಲ್ಲ. "ಇವತ್ತು ಬಂದಿದ್ದು ಪುಣ್ಯ. ಕಣ್ಣು ಉಳಿಸ್ಕೋಬಹುದು. ಸದ್ಯಕ್ಕೆ ತಿಂಗಳಿಗೊಂದು ಇಂಜೆಕ್ಷನ್."

"ಎಲ್ಲಿಗೆ?"

"ಕಣ್ಣಿಗೆ."

ಹದ್ದು ಟೈಲರಿನ ತೋಳನ್ನು ಮತ್ತೆ ಹಿಡಿದ, ಈ ಸಲ ಬಿಗಿಯಾಗಿ. "ಇವನು ಬಂದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲ."

"ಬರ್ತಾರೆ ಅಣ್ಣ" ಎಂದಳು ಹೆಂಡತಿ. "ಪ್ರತಿ ತಿಂಗಳೂ ಬರ್ತಾರೆ. ಇವರ ಕಣ್ಣನ್ನೂ ಆವಾಗ್ಲೇ ನೋಡಿಬಿಡಿ ಡಾಕ್ಟ್ರೇ. ಇವರ ಮೊಬೈಲ್ ಪರೀಕ್ಷೆ ನಂಬೋ ಹಾಗಿಲ್ಲ."

ವರ್ಷಕ್ಕೊಂದು ಹನಿ ತಪ್ಪಿಸಿಕೊಳ್ಳಲು ಹೋಗಿ ತಿಂಗಳಿಗೊಂದನ್ನು ಸಂಪಾದಿಸಿದ್ದ ಟೈಲರು. ಆದರೂ ಗೆಳೆಯನ ಕಣ್ಣು ಉಳಿಯಿತಲ್ಲ ಎಂದು ಅವನಿಗೆ ನಿಜಕ್ಕೂ ಸಂತೋಷವಾಗಿತ್ತು.

ಹೆಂಡತಿ ಇಬ್ಬರನ್ನೂ ಕೈಹಿಡಿದು ನಡೆಸಿಕೊಂಡು ಬಂದರೆ, ಅಂಗಡಿಯ ಮುಂದೆ ಮದುಮಗ ಕೋಟು ಹಿಡಿದು ನಿಂತಿದ್ದ. "ಇವತ್ತೇ ತೋಳು ಹಚ್ಚಿಕೊಡೋಕೆ ಬೇರೆ ಯಾರೂ ಒಪ್ಪಲಿಲ್ಲ. ನೀವೇ ಕಾಪಾಡಬೇಕು."

ಟೈಲರು ತಡಕಾಡಿ ಸೂಜಿ ಹುಡುಕಿದ. ದಾರ ಎಲ್ಲಿದೆಯೋ ಕಾಣಲಿಲ್ಲ.

"ಯೋಚನೆ ಯಾಕೆ?" ಎಂದು ಹದ್ದು ಕೈ ಚಾಚಿದ. "ಸೂಜಿ ಇಲ್ಲಿ ಕೊಡು, ನಾನು ಪೋಣಿಸ್ತೀನಿ."