ಮದುವೆಗೆಂದು ಕೊಂಡ ವಾಚು

ಗಂಡಸರು ಮದುವೆಗೆ ಹೊರಡುವ ಮುಂಚೆ ಕನ್ನಡಿ ನೋಡಿಕೊಳ್ಳುವುದೇ ಇಲ್ಲ ಎಂದು ಹೆಂಗಸರು ತಿಳಿದಿದ್ದಾರೆ. ಇದು ತಪ್ಪು. ನೋಡಿಕೊಳ್ಳುತ್ತೇವೆ; ಅವರದು ಮುಗಿಯುವವರೆಗೆ ನಮಗೆ ಜಾಗ ಸಿಗುವುದಿಲ್ಲ, ಅಷ್ಟೇ. ಜಾಗ ಸಿಕ್ಕ ಮೇಲೆ ನೋಡಿಕೊಂಡರೆ ಮೈಮೇಲೆ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಕೊರಳಿಗೆ ಸರ ಹಾಕಿಕೊಂಡರೆ ರಾಜಕೀಯಕ್ಕೆ ಇಳಿದನೇ ಎನ್ನುತ್ತಾರೆ. ಉಂಗುರ ಬೊಜ್ಜು ಬಂದ ಬೆರಳಿಗೆ ಹೋಗುವುದಿಲ್ಲ, ಹೋದರೆ ವಾಪಸು ಬರುವುದಿಲ್ಲ. ಕೊನೆಗೆ ಉಳಿಯುವುದು ಎಡಗೈ ಮುಂಗೈ ಒಂದೇ. ಗಂಡಸಿನ ಒಣಜಂಬಕ್ಕೆಲ್ಲ ಅಷ್ಟೇ ಜಾಗ. ಅಷ್ಟು ಸಣ್ಣ ಜಾಗದಲ್ಲಿ ನಾನು ಎಂಥ ದೊಡ್ಡ ಎಡವಟ್ಟು ಮಾಡಿಕೊಂಡೆ ಎಂಬುದನ್ನು ನಿಮಗೆ ಹೇಳಬೇಕಾಗಿದೆ.

ಹೊಸಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಸೂಟಿಂಗು, ಶರ್ಟಿಂಗು, ಮದುವೆ ಸೀಸನ್ನಿನಲ್ಲಿ ಒಂದಿಷ್ಟು ರೇಷ್ಮೆ ಪಂಚೆ. ಸೂಟಿನ ಬಟ್ಟೆ ಕತ್ತರಿಸಿಕೊಳ್ಳಲು ಬರುವ ಮದುಮಗಂದಿರು ಇತ್ತೀಚೆಗೆ ಬಟ್ಟೆಯ ಜೊತೆಗೆ ಬುದ್ಧಿಮಾತನ್ನೂ ಕೇಳುತ್ತಾರೆ. "ಫಂಕ್ಷನ್ನಿಗೆ ಅಂತ ಒಂದು ಬ್ಯಾರೆ ವಾಚು ಬೇಕೇನ್ರಿ ಸಾಹುಕಾರ್ರ? ದಿನಾ ಕಟ್ಟೋದು ನಡ್ಯಂಗಿಲ್ಲೇನು?" ವ್ಯಾಪಾರಸ್ಥನಾಗಿ ನಾನು ಬೇಕೇ ಬೇಕು ಎನ್ನುತ್ತೇನೆ. ಬೇರೆ ವಾಚು ಬೇಕೆಂದವನಿಗೆ ಬೇರೆ ಟೈ ಬೇಕು, ಬೇರೆ ಶರ್ಟೂ ಬೇಕು. ಮನಸ್ಸಿನಲ್ಲಿರುವ ಉತ್ತರ ಬೇರೆಯೇ ಇದೆ. ಅದನ್ನು ಪೂರ್ತಿ ಕೇಳುವಷ್ಟು ಪುರುಸೊತ್ತು ಮದುಮಗಂದಿರಿಗೆ ಇರುವುದಿಲ್ಲ.

ಈಗ ನಮ್ಮ ಸೀಮೆಯಲ್ಲಿ ಅದಿರಿನ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿಗೆ ಹೊರಟಿವೆ. ನಿನ್ನೆ ಮೊನ್ನೆಯವರೆಗೆ ನಮ್ಮ ಅಂಗಡಿಯಲ್ಲಿ ಬಣ್ಣ ಹೋಗುತ್ತದೋ ಇಲ್ಲವೋ ಎಂದು ಬಟ್ಟೆಯ ತುದಿಯನ್ನು ಎಂಜಲು ಹಚ್ಚಿ ಉಜ್ಜಿ ನೋಡುತ್ತಿದ್ದವರು ಇಂದು ಥಾನು ಥಾನೇ ಬಿಳಿ ಬಟ್ಟೆ ಒಯ್ಯುತ್ತಾರೆ. ದೊಡ್ಡವನಾದ ಮೇಲೆ ಬಿಳಿ ಹಾಕಬೇಕಂತೆ. ಬಿಳಿ ಎಂಬುದು ನಮ್ಮೂರಿನಲ್ಲಿ ಬೆಳಗಿನ ಬಣ್ಣ. ಸಂಜೆಯ ಹೊತ್ತಿಗೆ ಅದಿರಿನ ಧೂಳು ಕುಳಿತು ಎಲ್ಲರೂ ಒಂದೇ ಬಣ್ಣಕ್ಕೆ ಬಂದಿರುತ್ತೇವೆ. ಹಾಗಾಗಿ ಯಾರು ದೊಡ್ಡವರು ಎಂದು ತಿಳಿಯಲು ಜನ ಮುಂಗೈ ನೋಡುವುದನ್ನು ಕಲಿತರು. ನನ್ನ ಚಿಕ್ಕಪ್ಪನ ಮಗ ವೀರೇಶ ಎರಡು ಟಿಪ್ಪರು ತಗೊಂಡ ವರ್ಷವೇ ಒಂದು ವಾಚನ್ನೂ ತಗೊಂಡ. ಅದರೊಳಗೆ ಮೂರು ಸಣ್ಣ ಗಡಿಯಾರಗಳಿದ್ದವು. ಅದನ್ನು ಕಟ್ಟಿಕೊಂಡ ಮೇಲೆ ಅವನು ನಮಸ್ಕಾರ ಮಾಡುವ ಬದಲು ಎಡಗೈ ಎತ್ತುವುದನ್ನು ರೂಢಿ ಮಾಡಿಕೊಂಡ. ಟಿಪ್ಪರಿನ ಬಗ್ಗೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ವಾಚಿನ ಬಗ್ಗೆ ಇತ್ತು.

ಮಾಲು ತರಲು ಬೆಂಗಳೂರಿಗೆ ಹೋದಾಗ ಒಂದು ದೊಡ್ಡ ಅಂಗಡಿಗೆ ನುಗ್ಗಿಬಿಟ್ಟೆ. ಸಮಾರಂಭಕ್ಕೆ ಕಟ್ಟುವ ವಾಚು ಬೇಕು ಎಂದೆ. ಅಲ್ಲಿನ ಹುಡುಗ ಕೈಗೆ ಗ್ಲೌಸು ಹಾಕಿಕೊಂಡು ಒಂದು ವಾಚು ತೆಗೆದಿಟ್ಟ. ಹಪ್ಪಳದಷ್ಟು ತೆಳ್ಳಗೆ, ಚಿನ್ನದ ಬಣ್ಣ, ಕಪ್ಪು ಚರ್ಮದ ಪಟ್ಟಿ. ಒಳಗೆ ಅಂಕಿಗಳಿಲ್ಲ, ತಾರೀಖಿಲ್ಲ, ಸೆಕೆಂಡಿನ ಮುಳ್ಳೂ ಇಲ್ಲ. ಎರಡು ಮುಳ್ಳು, ಸುತ್ತ ಹನ್ನೆರಡು ಗೀಟು. ಇಷ್ಟು ಕಡಿಮೆ ಸಾಮಾನಿಗೆ ಇಷ್ಟು ರೇಟೇ ಎಂದು ನಾನು ಕೇಳಿದ್ದಕ್ಕೆ ಅವನು ಮರುಕದಿಂದ ನೋಡಿ, "ಸರ್, ಇದು ಫಾರ್ಮಲ್. ಇದನ್ನ ಕಟ್ಟೋರು ಟೈಮ್ ನೋಡಲ್ಲ ಸರ್," ಎಂದ. ಆ ಮಾತು ನನ್ನನ್ನು ಕೆಡವಿತು. ನಾನೂ ಗಿರಾಕಿಗಳಿಗೆ ಇಂಥ ಮಾತು ಎಷ್ಟೋ ಹೇಳಿದ್ದೇನೆ, ಆದರೆ ನನಗೆ ಯಾರಾದರೂ ಹೇಳಿದರೆ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ.

ಮೊದಲ ಸಲ ಅದನ್ನು ಕಟ್ಟಿಕೊಂಡು ಹೋದ ಮದುವೆಯಲ್ಲಿ ವೀರೇಶನೇ ಎದುರಾದ. ನಾನು ಕಾರಣವಿಲ್ಲದೆ ಎರಡು ಸಲ ಶರ್ಟಿನ ತೋಳು ಮೇಲೆ ಸರಿಸಿದೆ. ಅವನು ಬಗ್ಗಿ ನೋಡಿ, ಸಣ್ಣ ದನಿಯಲ್ಲಿ, "ಅಣ್ಣಾ, ಅವಸರದಾಗ ಅತ್ತಿಗಿ ವಾಚು ಕಟ್ಟಿಗೊಂಡು ಬಂದೀಯಲ್ಲೋ," ಎಂದ. ಗೇಲಿ ಮಾಡಿದ್ದಲ್ಲ. ನನ್ನ ಮಾನ ಉಳಿಸಲೆಂದೇ ಕಿವಿಯಲ್ಲಿ ಹೇಳಿದ್ದ, ಅದು ಇನ್ನೂ ಉರಿಯಿತು. ಮನೆಗೆ ಬಂದು ಹೆಂಡತಿ ಗಿರಿಜಾಳಿಗೆ ಹೇಳಿದರೆ ಅವಳು ಮಲಮಲ್ ಬಟ್ಟೆಯಲ್ಲಿ ವಾಚನ್ನು ಸುತ್ತುತ್ತಾ, "ಅಂವ ಹೇಳಿದ್ದರಾಗ ತಪ್ಪೇನೈತ್ರಿ? ನಂಗ ಕೊಟ್ಟಬಿಡ್ರಿ, ಛಲೋ ಒಪ್ಪತೈತಿ," ಎಂದಳು. ನಾನು ಕೊಡಲಿಲ್ಲ. ಆ ವಾಚಿನ ಬೆಲೆ ತಿಳಿಯುವಂಥ ದೊಡ್ಡ ಸಮಾರಂಭ ಬರಲಿ ಎಂದು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಧೂಳು ಹೋಗದ ಜಾಗದಲ್ಲಿ ಇಟ್ಟೆ.

ಸಮಾರಂಭ ಬಂತು. ಕಂಪ್ಲಿಯಲ್ಲಿರುವ ನನ್ನ ತಂಗಿ ನೀಲಮ್ಮನ ಮಗಳು ಶಶಿಯ ಮದುವೆ. ಶಶಿ ಸಣ್ಣವಳಿದ್ದಾಗಲೇ ತಂದೆ ತೀರಿಕೊಂಡ. ಪಿಯುಸಿಯಿಂದ ಡಿಗ್ರಿಯವರೆಗೆ ಅವಳು ನಮ್ಮ ಮನೆಯಲ್ಲಿಯೇ ಇದ್ದು ಓದಿದವಳು. ಸಂಜೆ ಅಂಗಡಿಗೆ ಬಂದು ಗಲ್ಲಾದ ಪಕ್ಕದಲ್ಲಿ ಕುಳಿತು, ಗಿರಾಕಿಗಳಿಗೆ ನಾನು ಹೇಳುವ ಸುಳ್ಳುಗಳನ್ನು ಕೇಳಿ ಪುಸ್ತಕದ ಹಿಂದೆ ನಗುತ್ತಿದ್ದಳು. ನಮ್ಮ ಕಡೆ ಹುಡುಗಿಗೆ ಬಾಸಿಂಗ ಕಟ್ಟಿ, ಕೈ ಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಕೆಲಸ. ಮುಹೂರ್ತವಾಗಿ ಅಕ್ಕಿಕಾಳು ಬೀಳುವವರೆಗೆ ಅವನು ಉಪವಾಸ ಇರಬೇಕು. ನಿಶ್ಚಯವಾದ ದಿನವೇ ಶಶಿ ಹೇಳಿದ್ದಳು: "ಮಾಮಾ, ನೀವ ಕೈ ಹಿಡದು ಕರಕೊಂಡು ಹೋಗ್ಬೇಕು. ಅಷ್ಟು ಮಂದಿ ನೋಡತಿರ್ತಾರ, ನಂಗ ಕಾಲು ನಡಗತಾವ." ಇದಕ್ಕಿಂತ ದೊಡ್ಡ ಸಮಾರಂಭ ನನ್ನ ಜೀವನದಲ್ಲಿ ಇನ್ನು ಬರಲಾರದು ಎಂದು ನನಗೆ ಗೊತ್ತಿತ್ತು.

ಮದುವೆ ಗಂಡಿನ ಊರಾದ ಸಂಡೂರಿನಲ್ಲಿ. ನಾವೆಲ್ಲ ಹಿಂದಿನ ದಿನವೇ ಹೋಗಿ ಛತ್ರದಲ್ಲಿ ಇಳಿದಿದ್ದೆವು. ಬೆಳಿಗ್ಗೆ ಸ್ನಾನ ಮಾಡಿ, ರೇಷ್ಮೆ ಪಂಚೆ ಉಟ್ಟು, ಬಿಳಿ ಶರ್ಟು ತೊಟ್ಟು, ಚೀಲಕ್ಕೆ ಕೈ ಹಾಕಿದರೆ ವಾಚಿಲ್ಲ. ಸೀರೆಗಳೆಲ್ಲ ಬಂದಿದ್ದವು, ಸೀರೆಗಳ ಕೆಳಗಿನದು ಬಂದಿರಲಿಲ್ಲ. ಹೊರಗೆ ಬಾಗಿಲಲ್ಲಿ ವೀರೇಶ ಎಡಗೈ ಎತ್ತಿ ಎತ್ತಿ ಬಂದವರನ್ನು ಸ್ವಾಗತಿಸುತ್ತಿದ್ದ. ಬಿಸಿಲಿಗೆ ಅದು ಮಿಂಚುವುದು ನಾನಿದ್ದ ಕೋಣೆಯವರೆಗೆ ಕಾಣುತ್ತಿತ್ತು. ಹೊಸಪೇಟೆಗೆ ಹೋಗಿ ತಂದುಬಿಡುತ್ತೇನೆ ಎಂದೆ.

ಗಿರಿಜಾ ನನ್ನನ್ನೇ ನೋಡಿದಳು. "ಏನ್ರಿ, ಗಡಿಯಾರ ಛತ್ರದ ಗ್ವಾಡಿ ಮ್ಯಾಲ ಐತಲ್ರಿ. ಟೈಮ್ ನೋಡಾಕ ಅದು ಸಾಕು."

"ಇದು ಟೈಮ್ ನೋಡೋ ವಾಚಲ್ಲ," ಎಂದೆ. ಬೆಂಗಳೂರಿನ ಹುಡುಗನ ಮಾತು ನನ್ನ ಬಾಯಲ್ಲಿ ಬಂತು.

ನೀಲಮ್ಮ ಓಡಿ ಬಂದಳು. "ಅಣ್ಣಾ, ಬ್ಯಾಡೋ. ಲಾರಿ ರಸ್ತೆ ಅದು. ಹೋದಾಂವ ಸಿಗಬಿದ್ದರ ಏನ್ ಮಾಡೋದು?"

"ಹಿಂಗ್ ಹೋಗಿ ಹಂಗ್ ಬರ್ತೀನಿ, ಮುಹೂರ್ತಕ್ಕ ಇನ್ನೂ ಭಾಳ ಹೊತ್ತೈತಿ," ಎಂದು ಬಾಡಿಗೆ ಕಾರು ಹತ್ತಿಬಿಟ್ಟೆ. ನಮ್ಮ ಮದುವೆಗಳಲ್ಲಿ ಮುಹೂರ್ತ ಹೊತ್ತಿಗೆ ಸರಿಯಾಗಿ ಆಗುವುದು ಲಗ್ನಪತ್ರಿಕೆಯಲ್ಲಿ ಮಾತ್ರ ಎಂಬುದು ನನ್ನ ಧೈರ್ಯ. ಮದುವೆ ಮಾಡಿಸುವ ಗಂಡಿನ ಕಡೆಯ ಅಯ್ಯನವರು ಈ ವಿಷಯದಲ್ಲಿ ಎಂಥವರೆಂದು ನಾನು ವಿಚಾರಿಸಿರಲಿಲ್ಲ.

ಹೋಗುವಾಗ ರಸ್ತೆ ಖಾಲಿ ಇತ್ತು. ಮನೆಗೆ ಹೋದೆ, ಬೀರು ತೆಗೆದೆ, ವಾಚು ಕಟ್ಟಿಕೊಂಡೆ, ಕನ್ನಡಿಯನ್ನೂ ನೋಡಿಕೊಂಡೆ. ವಾಪಸು ಬರುವಾಗ ಘಾಟಿಯ ಕೆಳಗೆ ಅದಿರಿನ ಲಾರಿಗಳು ನಿಂತಿದ್ದವು. ಮುಂದೆ ಎಲ್ಲೋ ಒಂದು ಟಿಪ್ಪರು ತಿರುವಿನಲ್ಲಿ ಅಡ್ಡ ನಿಂತಿದೆಯಂತೆ. ಹಿಂದೆಯೂ ಲಾರಿಗಳು ಬಂದು ನಿಂತವು. ಡ್ರೈವರುಗಳು ಇಳಿದು ಸ್ಟೋವ್ ಹಚ್ಚಿ ಅನ್ನಕ್ಕಿಟ್ಟರು. ರಸ್ತೆಯ ನಡುವೆ ಡ್ರೈವರು ಅನ್ನಕ್ಕಿಟ್ಟನೆಂದರೆ ಇನ್ನು ಆಸೆ ಬಿಡಬೇಕು ಎಂದು ನಮ್ಮ ಸೀಮೆಯವರಿಗೆಲ್ಲ ಗೊತ್ತು. ಲಾರಿಗಳ ಸಂದಿಯಲ್ಲಿ ಬೈಕುಗಳು ಮಾತ್ರ ಕೆಂಪು ಧೂಳೆಬ್ಬಿಸಿಕೊಂಡು ನುಸುಳಿ ಹೋಗುತ್ತಿದ್ದವು.

ನಮ್ಮ ಕಾರಿನ ಡ್ರೈವರ್ ಖಾಜಾ ಒಂದು ಬೈಕನ್ನು ನಿಲ್ಲಿಸಿಯೇಬಿಟ್ಟ. "ಸಾಹುಕಾರ್ರ, ಇದು ಜಲ್ದಿ ಬಿಡಂಗಿಲ್ಲ. ಇವರ ಹಿಂದ ಕುಂದ್ರಿ, ಹೋಗಿಬಿಡ್ರಿ." ಬೈಕಿನವನನ್ನು ನೋಡಿದೆ. ಹುಬ್ಬು, ಮೀಸೆ, ರೆಪ್ಪೆ ಎಲ್ಲ ಇಟ್ಟಿಗೆಯ ಬಣ್ಣ. ನನ್ನ ಬಿಳಿ ಶರ್ಟು ನೋಡಿಕೊಂಡೆ, ವಾಚು ನೋಡಿಕೊಂಡೆ. ಇಷ್ಟು ತೆಳ್ಳಗಿನ ವಾಚಿನೊಳಗೆ ಧೂಳು ಹೋದರೆ ಮುಗಿಯಿತು. "ಇನ್ನೊಂದಿಷ್ಟು ನೋಡೋಣು, ಬಿಟ್ಟರೂ ಬಿಡಬಹುದು," ಎಂದು ಗಾಜು ಏರಿಸಿದೆ. ಬೈಕಿನವನು ಹೋದ. ಅವನು ನಮ್ಮ ಛತ್ರದ ಮುಂದೆಯೇ ಹಾದು ಹೋಗಿರಬೇಕು.

ಗಿರಿಜಾಳ ಫೋನು ಬಂತು. "ಎಲ್ಲಿದ್ದೀರಿ?" "ಇಲ್ಲೇ ಅದೀನಿ, ಬಂದೆ," ಎಂದೆ. ಮತ್ತೆ ಫೋನು. "ಅಯ್ನೋರು ಕೂಗಾಕ್ಹತ್ಯಾರ್ರಿ. ಶಶಿ ಬಾಗಲಾ ನೋಡಕೋಂತ ಕುಂತಾಳ." ಆಮೇಲೆ ಸಿಗ್ನಲ್ ಹೋಯಿತು. ಆ ವಾಚು ಎಷ್ಟು ಸರಿಯಾಗಿ ಓಡುತ್ತದೆ ಎಂದು ಅವತ್ತೇ ನನಗೆ ತಿಳಿದದ್ದು. ಅಂಕಿ ಇಲ್ಲದಿದ್ದರೂ ನೋಡಿದಾಗಲೆಲ್ಲ ಸ್ಪಷ್ಟವಾಗಿ ಓದಲಿಕ್ಕೆ ಬಂತು. ಕೊನೆಗೆ ಅದನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ಒಳಜೇಬಿನಲ್ಲಿಟ್ಟುಕೊಂಡು, ಸಿಕ್ಕ ಬೈಕಿನ ಹಿಂದೆ ಹತ್ತಿ ಕುಳಿತೆ. ಹತ್ತುವುದೇ ಆಗಿದ್ದರೆ ಮೊದಲನೆಯದನ್ನೇ ಹತ್ತಬಹುದಿತ್ತು.

ನಾನು ಹೋದಾಗ ವಾದ್ಯ ನಿಂತಿತ್ತು, ಒಳಗೆ ಎಲೆ ಹಾಕುತ್ತಿದ್ದರು. ವೀರೇಶ ಎದುರು ಬಂದ. ಈ ಸಲ ಎಡಗೈ ಎತ್ತಲಿಲ್ಲ. "ಅಣ್ಣಾ, ನಾ ಭಾಳ ಹೇಳಿದೆ, ಅಯ್ನೋರು ಕೇಳಲಿಲ್ಲ. ನೀಲವ್ವ ಅಳಾಕ್ಹತ್ತಿದ್ಲು. ಬಾಸಿಂಗ ನಾನ ಕಟ್ಟಿದೆ. ಸರಿ ಕಟ್ಟಾಕ ಬರಲಿಲ್ಲ, ಹಂಗ ಕೈ ಹಿಡದು ಕರಕೊಂಡು ಹೋದೆ," ಎಂದ. ಅವನ ಮೇಲೆ ಸಿಟ್ಟು ಮಾಡಬೇಕೆಂದು ಬಹಳ ಪ್ರಯತ್ನಪಟ್ಟೆ, ಬರಲಿಲ್ಲ. ಫೋಟೋದವನು ಒಳ್ಳೆಯವನು, "ಸೋದರಮಾವಾರು ಬಂದ್ರಲ್ಲ, ಇನ್ನೊಮ್ಮೆ ಬಾಸಿಂಗ ಕಟ್ಟಿದಂಗ ಮಾಡ್ರಿ ಸಾರ್, ತಗದುಬಿಡ್ತೀನಿ," ಎಂದ. ನೀಲಮ್ಮ, "ಕಟ್ಟಿದ್ದು ಕಟ್ಟಿದ್ದಾತು, ಬ್ಯಾಡ," ಎಂದಳು. ಅವಳು ನನಗೆ ಆಡಿದ ಮಾತು ಅಷ್ಟೇ. ಅದೂ ನನಗಲ್ಲ, ಫೋಟೋದವನಿಗೆ.

ಶಶಿ ತಲೆಯ ತುಂಬ ಅಕ್ಕಿಕಾಳು ಇಟ್ಟುಕೊಂಡು ಗಂಡನ ಪಕ್ಕದಲ್ಲಿ ಕುಳಿತಿದ್ದಳು. ನೆತ್ತಿಯಿಂದ ಪಾದದವರೆಗೆ ಕೆಂಪಾಗಿದ್ದ ನನ್ನನ್ನು ನೋಡಿ ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ, "ಮಾಮಾ, ಮಾರಿ ತೊಳಕೊಂಡು ಮೊದಲ ಉಣ್ಣ ಹೋಗ್ರಿ. ಮುಂಜೇಲಿಂದ ಉಪಾಸ ಇದ್ದೀರಿ," ಎಂದಳು. ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತೆ. ಆ ಧೂಳು ಸುಲಭವಾಗಿ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಏನೂ ಕೇಳಲಿಲ್ಲ. ವಾಚು ಜೇಬಿನಲ್ಲಿಯೇ ಇತ್ತು. ಆ ಮದುವೆಯ ಒಂದು ಫೋಟೋದಲ್ಲಿಯೂ ಅದು ಬಂದಿಲ್ಲ.

ಅಂಗಡಿಯಲ್ಲಿ ಕೂತು ಇದನ್ನು ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಮದುವೆಯಲ್ಲಿ ನನ್ನ ಮುಂಗೈಯನ್ನು ಯಾರು ನೋಡುತ್ತಿದ್ದರು? ಹೆಚ್ಚೆಂದರೆ ವೀರೇಶ. ಅವನೂ ಮತ್ತೆ ಹೆಂಗಸರ ವಾಚು ಎಂದೇ ತಿಳಿಯುತ್ತಿದ್ದ. ಶಶಿ ಹಿಡಿಯಬೇಕೆಂದಿದ್ದ ಕೈಗೆ ಏನು ಕಟ್ಟಿದರೇನು, ಬಿಟ್ಟರೇನು! ಅದನ್ನು ಮಾರಿಬಿಡಬೇಕೆಂದು ನಿಶ್ಚಯ ಮಾಡಿದ್ದೆ, ಗಿರಾಕಿಯನ್ನೂ ಗೊತ್ತು ಮಾಡಿದ್ದೆ. ಅಷ್ಟರಲ್ಲಿ ನಾಗರಪಂಚಮಿ ಬಂತು.

ಪಂಚಮಿಗೆ ಶಶಿ ಕಂಪ್ಲಿಗೆ ಹೋಗುವ ಮೊದಲು ಗಂಡನ ಜೊತೆ ನಮ್ಮ ಮನೆಗೆ ಬಂದಳು. ಹಬ್ಬದ ಶೇಂಗಾ ಉಂಡಿ ತಿಂದು, ಜೋಕಾಲಿ ಆಡಿ, ಮಧ್ಯಾಹ್ನ ನನ್ನ ಎದುರು ಬಂದು ಕುಳಿತು, "ಮಾಮಾ, ಅವತ್ತು ತರಾಕ ಹೋಗಿದ್ರಲ್ಲ, ಆ ವಾಚು ತೋರಸ್ರಿ," ಎಂದಳು. ಗಿರಿಜಾ ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಲ್ಲಿಸಿದಳು. ಬೀರುವಿನಿಂದ ತಂದು ಕೊಟ್ಟೆ. ಬೈಯಲಿ ಎಂದು ಕಾಯ್ದೆ. ಒಂದು ಮಾತು ಬೈದಿದ್ದರೆ ಅವತ್ತೇ ಸಂಜೆ ಅದನ್ನು ಸಾಗಹಾಕಿ ಹಗುರಾಗುತ್ತಿದ್ದೆ. ಅವಳು ಮಲಮಲ್ ಬಟ್ಟೆ ಬಿಚ್ಚಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, "ಭಾಳ ಚೆಂದ ಐತಿ ಮಾಮಾ," ಎಂದಳು. ನನ್ನ ಕೈ ಎಳೆದುಕೊಂಡು ತಾನೇ ಕಟ್ಟಿದಳು. "ನಾ ಇಲ್ಲಿ ಇರೋತನ ಬಿಚ್ಚಬ್ಯಾಡ್ರಿ," ಎಂದಳು.

ಅಂದಿನಿಂದ ಬಂದಾಗಲೆಲ್ಲ ಹೊಸ್ತಿಲಲ್ಲೇ ನಿಂತು, "ವಾಚೆಲ್ಲಿ ಮಾಮಾ?" ಎಂದು ಕೇಳುತ್ತಾಳೆ. ಇದು ಪ್ರೀತಿಯೋ ಶಿಕ್ಷೆಯೋ ನಾನು ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ. ಸುಮ್ಮನೆ ಕಟ್ಟಿಕೊಳ್ಳುತ್ತೇನೆ. ನಾನು ಲುಂಗಿ ಉಟ್ಟು, ಬನಿಯನ್ ಹಾಕಿಕೊಂಡು, ಚಿನ್ನದ ಬಣ್ಣದ ವಾಚು ಕಟ್ಟಿ ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತಿರುವುದು ಕಂಡರೆ, ಶಶಿ ಬಂದಿದ್ದಾಳೆ ಎಂದು ಈಗ ನಮ್ಮ ಓಣಿಯವರಿಗೆಲ್ಲ ತಿಳಿಯುತ್ತದೆ.