ಗೋಡೆ ತೂತು, ಕುಂಬಾರ ಹುಳ, ಪಕ್ಕದಾಕೆಯ ಕ್ಯಾಮೆರಾ

ಇದನ್ನ ಗಟ್ಟಿಯಾಗಿ ಓದಬೇಡ್ರಿ. ತುಟಿ ಮುಚ್ಕೊಂಡು, ಮನಸ್ಸಿನಾಗೆ ಓದ್ಕೊಳ್ರಿ. ಓದಿದ್ದು ನಿಮ್ಮ ಹೊಟ್ಟೆಯಾಗೇ ಇರಬೇಕು. ನನ್ನ ಸೊಸೆ ಕಿವಿಗೆ ಬಿದ್ದರೆ ಮುಗೀತು, ನಾನು ತಲೆ ಎತ್ತಂಗಿಲ್ಲ. ಕ್ಯಾಮೆರಾ ಇರೋರು ಪಕ್ಕದ ಮನೆಗೆ ಬಂದರೆ ಇಂಥವು ಒಂದರ ಹಿಂದೆ ಒಂದು ಆಗ್ತಾನೇ ಇರ್ತಾವೆ. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಸೊಟ್ಟಗಿರಬಹುದು, ಸುದ್ದಿ ಸೊಟ್ಟಗಿರಲ್ಲ.

೧. ಚನ್ನಗಿರಿಯ ಗೋಡೆ

ಪಕ್ಕದ ಮನೆಗೆ ಬಾಡಿಗೆಗೆ ಬಂದಾಕೆಗೆ ನಲವತ್ತು ಇರಬೇಕು. ಗಂಡ ಕಾಣಿಸಲ್ಲ, ಕೇಳಿದರೆ ಹೇಳಲ್ಲ. ಮೊದಲು ಮದುವೆ ಫೋಟೊ ತೆಗೀತಿದ್ದಳಂತೆ. ಈಗ ಇರುವೆ ಕಾಲು, ಜೇಡನ ಬಲೆ, ಸೂಜಿ ಕಣ್ಣು ಇಂಥವನ್ನ ಹುಡುಕಿ ತೆಗೆದು ಎಮ್ಮೆ ಗಾತ್ರ ಮಾಡಿ ತೋರಿಸ್ತಾಳೆ. "ಕೂದಲೆಳೆಯಷ್ಟೂ ತಪ್ಪದ ಕೆಲಸ ಎಲ್ಲೆಲ್ಲಿ ಐತೋ ಅದನ್ನೆಲ್ಲ ತೆಗೆದು ನ್ಯಾಮತಿಯಾಗೆ ಪ್ರದರ್ಶನ ಇಡ್ತೀನಿ ದೊಡ್ಡಮ್ಮ" ಅಂದಳು. ಗಂಡನ ಸುದ್ದಿ ಕೇಳಿದರೆ ಇರುವೆ ಸುದ್ದಿ ಹೇಳ್ತಾಳೆ. ನಾನೇನು ಮಾಡಲಿ? ಎರಡು ಮನೆ ನಡುವಿನ ಗೋಡೆಯಾಗೆ ಒಂದು ತೂತು ಐತೆ. ಅದನ್ನ ಮಾಡಿದ್ದು ನಾನಲ್ಲ. ದೊಡ್ಡದು ಮಾಡಿದ್ದು ನಾನು, ಅದು ಬೇರೆ ಮಾತು.

ಒಂದು ಬೆಳಿಗ್ಗೆ ತೂತಿಗೆ ಕಣ್ಣಿಟ್ಟೆ. ಆ ಕಡೆಯಿಂದ ಬಟ್ಟಲಗಲದ ಕ್ಯಾಮೆರಾ ಕಣ್ಣು ನೇರ ನನ್ನನ್ನೇ ನೋಡ್ತಾ ಐತೆ! ಆಕೆ ಕಡೆ ಗೋಡೆಗೆ, ತೂತಿನ ಪಕ್ಕಕ್ಕೇ ಕುಂಬಾರ ಹುಳ ಉಗುರಿನಷ್ಟು ಮಣ್ಣಿನ ಮಡಕೆ ಕಟ್ಟಿತ್ತಂತೆ. ತಿರುಗೋ ತಿಗರಿ ಇಲ್ಲ, ಅಳತೆಗೋಲಿಲ್ಲ, ಆದರೂ ಕುತ್ತಿಗೆ ಸಮೇತ ದುಂಡಗೆ. ಆಕೆ ಅದರ ಫೋಟೊ ತೆಗೀತಿದ್ದಾಳೆ. ಟಿಕ್, ಟಿಕ್, ಟಿಕ್. ಕಾಲು ಕೀಳಾಕೂ ಆಗಲಿಲ್ಲ, ಕಣ್ಣು ಕೀಳಾಕೂ ಆಗಲಿಲ್ಲ.

ಆ ಫೋಟೊದಾಗೆ ನನ್ನ ಕಣ್ಣು ಬಂದಿದ್ದರೆ? ಅದು ಪ್ರದರ್ಶನಕ್ಕೆ ಹೋದರೆ? ಇಷ್ಟು ವರ್ಷ ಊರೋರ ಗುಟ್ಟು ಹೇಳಿ ಹೇಳಿ ಕಟ್ಟೆ ಕಟ್ಟೆಯಾಗೂ ಜಾಗ ಗಿಟ್ಟಿಸಿದ್ದೀನಿ. ತೂತಿನ ಗುಟ್ಟು ರಟ್ಟಾದರೆ ನನ್ನನ್ನ ಯಾವ ಕಟ್ಟೆಗೆ ಸೇರಿಸ್ತಾರೆ?

ಆಕೆ ಬೈದಿದ್ದರೆ ನಾನೂ ನಾಲ್ಕು ಬೈದು, ಉಂಡು ಮಲಗ್ತಿದ್ದೆ. ಬೈಯಲಿಲ್ಲ. ಸಂಜೆಗೆ ನಗ್ತಾ ಬಂದು ಒಂದು ಬಟ್ಟಲು ಪಾಯಸ ಕೊಟ್ಟಳು. ನನಗೆ ಇನ್ನೂ ಭಯ. ಬೆಕ್ಕಿಗೆ ಹಾಕಿ, ಅರ್ಧ ಗಂಟೆ ಅದರ ಮುಖ ನೋಡಿ, ಆಮೇಲೆ ತಿಂದೆ.

೨. ಜಗಳೂರಿನ ಕಂಬಳಿ

"ಒಬ್ಬಳೇ ಊರೂರು ತಿರುಗ್ತೀಯಾ, ಚೀಲ ಹಿಡ್ಕೊಳ್ಳಾಕೆ ನಾನೂ ಬರ್ತೀನಿ ತಾಯಿ" ಅಂತ ಅಂಟಿಕೊಂಡೆ. ಸಮಯ ನೋಡಿ ಆ ಫೋಟೊ ಅಳಿಸೋಣ ಅಂತ. ಕ್ಯಾಮೆರಾದಾಗೆ ಎಷ್ಟು ಗುಂಡಿ ಅವೆ ಅಂತೀರಿ! ಒಂದು ಒತ್ತಿದೆ, ಫಳ್ ಅಂತ ಬೆಳಕು ಬಂದು ನಾನೇ ಬೆಚ್ಚಿಬಿದ್ದೆ. ಮತ್ತೆ ಮುಟ್ಟಲಿಲ್ಲ.

ಜಗಳೂರು ಕಡೆ ಒಬ್ಬ ಕಂಬಳಿ ನೇಯೋನು. ನೇಯ್ಗೆ ಎಷ್ಟು ಅಚ್ಚುಕಟ್ಟು ಅಂದರೆ, ಎಳೆ ಎಣಿಸಾಕೆ ಕೂತರೆ ನಮಗೆ ತಪ್ಪಬೇಕು, ಅವನಿಗೆ ತಪ್ಪಲ್ಲ. ಈಕೆ ಹತ್ತಿರದಿಂದ ಫೋಟೊ ತೆಗೆದು ಲ್ಯಾಪ್‌ಟಾಪಿನಾಗೆ ದೊಡ್ಡದು ಮಾಡಿ ತೋರಿಸಿದಳು. ಕರೀ ಎಳೆಗಳ ನಡುವೆ ಒಂದೇ ಒಂದು ಕೆಂಪು ಎಳೆ!

ಅವನ ಹೆಂಡತಿ ಬಗ್ಗಿ ನೋಡಿದಳು. "ಇದು ಮೆಹಂದಿ ಹಚ್ಚಿದ ತಲೆಗೂದಲು. ಮಗ್ಗದ ಹತ್ರ ಯಾವಾಕೆ ಬಂದಿದ್ದಳು, ಹೇಳ್ರೀ!"

"ಯಾರೂ ಬಂದಿಲ್ಲ ಕಣೇ, ದೇವರಾಣೆ!" ಅಂದ.

ಹೆಂಡತಿ ತಿರುಗಿದ್ದೇ ನನ್ನ ತಲೆ ನೋಡಿದಳು. ಹೋದ ವಾರವಷ್ಟೇ ಮೆಹಂದಿ ಹಚ್ಚಿಸಿದ್ದೆ. ನನಗೆ ಎಪ್ಪತ್ತೆರಡು. ಎರಡು ಹೆಜ್ಜೆ ಹಿಂದೆ ಸರಿದೆ. ಒಂಚೂರು ಖುಷಿನೂ ಆಯ್ತು, ಅದನ್ಯಾಕೆ ಮುಚ್ಚಿಡಲಿ.

ಕೊನೆಗೆ ಆ ಬಡಪಾಯಿ, ಹೆಂಡತಿ ಕೈ ಹಿಡಿದು ಕುರಿಹಟ್ಟಿಗೆ ಎಳ್ಕೊಂಡು ಹೋದ. ತಮ್ಮ ಕುರಿ ಬೇರೆಯೋರ ಮಂದೆಗೆ ಸೇರಬಾರದು ಅಂತ ಬೆನ್ನಿಗೆ ಬಣ್ಣದ ಗುರುತು ಹಾಕ್ತಾರಲ್ಲ, ಆ ಕೆಂಪು ಹತ್ತಿದ ತುಪ್ಪಟ, ಅದೇ ಉಣ್ಣೆ, ಒಂಚೂರು ನೂಲಿಗೆ ಸೇರಿಬಿಟ್ಟಿತ್ತು.

ಅಂತೂ ಸವತಿ ಸಿಕ್ಕಳು. ಬೆನ್ನಾಗೆ ಕೆಂಪು, ತಲೆ ಮೇಲೆ ಎರಡು ಕೊಂಬು.

೩. ಹೊನ್ನಾಳಿಯ ಮಷೀನು

ಹೊನ್ನಾಳಿಯ ಒಂದು ರೈಸ್ ಮಿಲ್ಲಿಗೆ ಹೊಸ ಮಷೀನು ಬಂದಿತ್ತು. ಅದರ ಹೊಟ್ಟೆಯಾಗೇ ಕ್ಯಾಮೆರಾ ಅವಂತೆ. ಮೇಲಿಂದ ಅಕ್ಕಿ ಮಳೆ ಸುರಿದಂಗೆ ಬೀಳ್ತಾ ಇರ್ತದೆ, ಅದು ಒಂದೊಂದು ಕಾಳಿನ ಫೋಟೊನೂ ತೆಗೀತದೆ. ಬಣ್ಣ ಬೇರೆ ಕಂಡರೆ ಉಫ್ ಅಂತ ಗಾಳಿ ಊದಿ ಆ ಒಂದೇ ಕಾಳನ್ನ ಹೊರಗೆ ಎಸೀತದೆ. ಇಂಥದ್ದೊಂದನ್ನ ಊರ ಬಾಗಿಲಿಗೆ ಇಟ್ಟರೆ ಒಳಗೆ ಉಳಿಯೋರು ಯಾರ್ರೀ?

ಅವತ್ತು ಮಷೀನಿಗೆ ಪೂಜೆ. ಮಿಲ್ಲಿನ ಯಜಮಾನರ ತಾಯಿ, ನನ್ನ ವಯಸ್ಸಿನಾಕೆ, ಅರಿಶಿನ ಕಲಸಿದ ಅಕ್ಷತೆಯನ್ನ ಹಣೆಗೆ ಒತ್ತಿಕೊಂಡು ಬೊಗಸೆ ತುಂಬ ಮಷೀನಿನ ಬಾಯಿಗೇ ಹಾಕಿಬಿಟ್ಟಳು. ಸ್ವಿಚ್ ಒತ್ತಿದರು. ಟಪ ಟಪ ಟಪ ಅಂತ ಹಳದಿ ಕಾಳೆಲ್ಲ ಪಕ್ಕದ ಬಾಯಿಂದ ಹೊರಗೆ! ಒಂದೂ ಒಳಗೆ ಉಳೀಲಿಲ್ಲ.

"ದೇವರ ಅಕ್ಷತೆನೇ ಉಗುಳ್ತು!" ಅಂತ ಪೂಜಾರಿ ಬಾಗಿಲಿಗೆ ಓಡಿದ. ಹಮಾಲರು ಮೂಟೆ ಬಿಟ್ಟು ಹೊರಗೆ ನಿಂತರು. ಯಜಮಾನರು ಇನ್ನೊಂದು ಕಾಯಿ ಒಡೆದರು. ನಾನಂತೂ ಕಂಬ ಅಪ್ಕೊಂಡಿದ್ದೆ. ಪಕ್ಕದಾಕೆ ಒಬ್ಬಳೇ ಮೊಣಕಾಲೂರಿ, ಗಾಳಿಯಾಗೆ ಹಾರ್ತಿದ್ದ ಹಳದಿ ಕಾಳಿನ ಫೋಟೊ ತೆಗೀತಿದ್ದಳು.

ಆಗ ಯಜಮಾನರ ತಾಯಿ ಸೊಂಟದ ಮೇಲೆ ಕೈ ಇಟ್ಟಳು. "ಯಾಕ್ರೋ ಹೆದರ್ತೀರಿ? ನಾನು ಹಾಕಿದ್ದನ್ನ ಹಂಗೇ ಮುಖಕ್ಕೆ ಉಗುಳೋದು ಈ ಮನೆಗೆ ಹೊಸದೇನಲ್ಲ. ಇದು ಸೊಸೆ ತೌರಿನ ಕಡೆಯಿಂದ ಬಂದ ಮಷೀನಿರಬೇಕು."

ವಾಪಸ್ ಬರೋ ಬಸ್ಸಿನಾಗೆ ಧೈರ್ಯ ಮಾಡಿ ಕೇಳಿದೆ, "ಆ ಹುಳದ ಫೋಟೊ ಸರಿಯಾಗಿ ಬಂದಿರಲಿಕ್ಕಿಲ್ಲ, ಅಲ್ವಾ?"

"ಅದೇ ದೊಡ್ಡಮ್ಮ ಎಲ್ಲಕ್ಕಿಂತ ಚೆನ್ನಾಗಿ ಬಂದಿರೋದು" ಅಂದಳು. ಚನ್ನಗಿರಿ ಬರೋ ತನಕ ನಾನು ಬಾಯಿ ಬಿಡಲಿಲ್ಲ. ನನ್ನ ಜನ್ಮದಾಗೆ ಅಷ್ಟು ಹೊತ್ತು ಸುಮ್ಮನಿದ್ದಿದ್ದು ಅವತ್ತೇ.

೪. ನ್ಯಾಮತಿಯ ಪ್ರದರ್ಶನ

ನ್ಯಾಮತಿಯಾಗೆ ಒಂದು ಸಮುದಾಯ ಭವನ. ಸಾಲಾಗಿ ಫೋಟೊ ತೂಗುಹಾಕಿದ್ದರು. ನಮ್ಮ ಬೀದಿಯೋರೂ ಒಂದು ಟೆಂಪೋ ಮಾಡ್ಕೊಂಡು ಬಂದಿದ್ದರು, ಪುಣ್ಯಕ್ಕೆ ಸೊಸೆ ಮಾತ್ರ ಬಂದಿರಲಿಲ್ಲ. ಹೊಟ್ಟೆನೋವು ಅಂತ ಮನೆಯಾಗೇ ಉಳಿಯಾಕೆ ನೋಡಿದೆ. ಪಕ್ಕದಾಕೆ ಬಿಡಲಿಲ್ಲ, ಕೈ ಹಿಡಿದು ಕರ್ಕೊಂಡು ಹೋದಳು.

ನಡು ಗೋಡೆಯಾಗೆ ಬಾಗಿಲಷ್ಟು ಎತ್ತರದ ಫೋಟೊ. ಮಣ್ಣಿನ ಮಡಕೆ ಬಂಡೆಯಷ್ಟು, ಹುಳ ಕೋಳಿಯಷ್ಟು. ಪಕ್ಕದಾಗೆ ಒಂದು ತೂತು. ತೂತಿನಾಗೆ ಒಂದು ಕಣ್ಣು, ತಟ್ಟೆಯಗಲ. ರೆಪ್ಪೆ ಕೂದಲು ಒಂದೊಂದೂ ಎಣಿಸಬಹುದು.

ನಾನು ಸೆರಗು ಎಳೆದು ಮುಖ ಮುಚ್ಕೊಂಡೆ. ಆ ಕಣ್ಣು ಮುಚ್ಚಲಿಲ್ಲ.

"ಇದ್ಯಾರ ಕಣ್ಣ್ರೀ?" ಅಂದಳು ಎದುರು ಮನೆಯಾಕೆ. "ಯಾವುದೋ ದೆವ್ವದ್ದು" ಅಂದ ಒಬ್ಬ. "ದೆವ್ವ ಕಾಡಿಗೆ ಹಚ್ಕೊಳ್ತದೇನೋ?" ಅಂದ ಇನ್ನೊಬ್ಬ. ಎಲ್ಲರೂ ಒಬ್ಬರ ಕಣ್ಣು ಒಬ್ಬರು ನೋಡಾಕೆ ಹತ್ತಿದರು. ನಾನು ನೆಲ ನೋಡಿದೆ. ನೆಲಕ್ಕೂ ಹೊಳಪಿನ ಟೈಲ್ಸು ಹಾಕ್ಸಿದ್ದಾರೆ, ಅದರಾಗೂ ನನ್ನ ಕಣ್ಣೇ ಕಾಣ್ತದೆ!

ಪಕ್ಕದಾಕೆ ನನ್ನ ಕಡೆ ನಡೆದು ಬಂದಳು. ಈಗ ಕೂಗ್ತಾಳೆ, ಈಗ ಮಾನ ಕಳೀತಾಳೆ ಅಂತ ಮನೆದೇವರಿಗೆ ಹರಕೆ ಹೊತ್ತೆ. ಆಕೆ ಎಲ್ಲರ ಎದುರಿಗೇ ನನ್ನ ಸೆರಗು ಮೆಲ್ಲಗೆ ಸರಿಸಿ, ಮುಖ ಮೇಲಕ್ಕೆತ್ತಿ, ನನ್ನ ಕಣ್ಣು ನೋಡಿ, ಫೋಟೊದ ಕಣ್ಣು ನೋಡಿ, ಒಂಚೂರೂ ಸಿಟ್ಟಿಲ್ಲದೆ ಅಂದಳು:

"ನಾನು ಅವತ್ತೇ ಅಂದ್ಕೊಂಡೆ, ಇದು ಕಣ್ಣಿನ ಪೊರೆನೇ. ಮೊದಲು ಆಪರೇಷನ್ ಮಾಡಿಸ್ಕೊಳ್ರಿ ದೊಡ್ಡಮ್ಮ, ನಾನೇ ಕರ್ಕೊಂಡು ಹೋಗ್ತೀನಿ. ಆಮೇಲೆ ಆರಾಮಾಗಿ ಇಣುಕ್ರಿ. ನನ್ನ ಬಗ್ಗೆ ಊರಿಗೆಲ್ಲ ಹೇಳೋದನ್ನ ಸರಿಯಾಗಿ ನೋಡಿಯಾದ್ರೂ ಹೇಳಿದಂಗಾಗ್ತದೆ."