ಕೆಂಪಂಚಿಗೆ ಹಸಿರು ಎಳೆ

ಕೊಳ್ಳೇಗಾಲ,
೧೨-೧-೧೯೫೩

ಇಂದ:
ಸರಸ್ವತಮ್ಮ, ವಯಸ್ಸು ಹದಿನೇಳು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು,
ನೇಕಾರ ನಂಜುಂಡಯ್ಯನವರ ಎರಡನೇ ಮಗಳು,
ಕೊಳ್ಳೇಗಾಲ, ಕೊಯಮತ್ತೂರು ಜಿಲ್ಲೆ.

ಗೆ:
ಅಧ್ಯಕ್ಷರು, ನೇಕಾರರ ದೃಷ್ಟಿ ಸಹಾಯ ಸಮಿತಿ.

ವಿಷಯ: ನನ್ನ ಕಣ್ಣು ಚೆನ್ನಾಗಿದೆ ಎಂಬ ತಮ್ಮ ತೀರ್ಮಾನವನ್ನು ಮರುಪರಿಶೀಲಿಸುವ ಬಗ್ಗೆ.

ಉಲ್ಲೇಖ: ತಮ್ಮ ತನಿಖಾಧಿಕಾರಿ ಶ್ರೀ ಗುರುಮಲ್ಲಪ್ಪನವರು ಕಳೆದ ಸೋಮವಾರ ನಮ್ಮ ಮಗ್ಗದ ಮುಂದೆ ನಿಂತು ಆಡಿದ ಮಾತು.

ಮಾನ್ಯರೇ,

೧. ಮಗ್ಗದಲ್ಲಿ ಉದ್ದೆಳೆಗಳ ಹಳೆಯ ಹಾಸು ಮುಗಿದಾಗ ಅದರ ತುದಿಗೆ ಹೊಸ ಹಾಸಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದು ನನ್ನ ಕೆಲಸ. ಹತ್ತಿರದ್ದೆಲ್ಲ ಮಸುಕಾದ್ದರಿಂದ ಎಳೆ ನನಗೆ ಕಾಣುವುದಿಲ್ಲ. ಎಳೆ ಜಾರದಂತೆ ಬೂದಿ ಮುಟ್ಟಿದ ಬೆರಳಿಗೆ ತಿಳಿಯುತ್ತದೆ.

೨. ನಾನು ಕನ್ನಡಕ ಕೇಳಿದ್ದ ಕಾರಣ ತನಿಖೆಗೆ ಬಂದ ಸದರಿ ಗುರುಮಲ್ಲಪ್ಪನವರು, "ಕೂದ್ಲಿಗಿಂತ ಸಣ್ಣದ ಕೂಡುಸ್ತಾವ್ಳೆ. ಇವ್ಳಿಗ್ಯಾವ ಕಣ್ಣಿನ್ ಕಾಯ್ಲೆ?" ಎಂದರು. ಆದ್ದರಿಂದ ನಾನು ಕಣ್ಣು ಮುಚ್ಚಿಕೊಂಡು ಹತ್ತು ಎಳೆ ಕೂಡಿಸಿ ತೋರಿಸಿದೆ. "ನೋಡ್ರಪ್ಪ, ಕಣ್ ಮುಚ್ಕಂಡೇ ಮಾಡ್ತಾಳೆ. ಕನ್ನಡ್ಕ ಯಾತಕ್ಕೆ?" ಎಂದು ಬರೆದುಕೊಂಡರು. ಕಾರಣ, ಕಣ್ಣು ತೆರೆದರೂ ಮುಚ್ಚಿದರೂ ಕನ್ನಡಕ ನಾಮಂಜೂರಾಗಿದೆ.

೩. ಬೆರಳಿಗೆ ಬಣ್ಣ ತಿಳಿಯುವುದಿಲ್ಲ. ಅದನ್ನು ಅಕ್ಕ ಚೌಡೇಶ್ವರಿ ಪಕ್ಕದಲ್ಲಿ ಕುಳಿತು ಹೇಳುತ್ತಾಳೆ. ಅವಳು ಸತ್ತೇಗಾಲಕ್ಕೆ ಹೋಗಿದ್ದ ದಿನ ನಾನು ಕೆಂಪಂಚಿಗೆ ಹಸಿರು ಎಳೆ ಕೂಡಿಸಿದೆ. ಅಪ್ಪ ಬೈಯಲಿಲ್ಲ. ಸಂಜೆಯವರೆಗೆ ಕುಳಿತು ಒಂದೊಂದೇ ಬಿಚ್ಚಿದರು. ಬೈದಿದ್ದರೆ ನಾನು ಕನ್ನಡಕವನ್ನೇ ಕೇಳುತ್ತಿರಲಿಲ್ಲ.

೪. ಮಾಘದಲ್ಲಿ ಅಕ್ಕನ ಮದುವೆ. ಗಂಡಿನ ಮನೆ ಮಾಂಬಳ್ಳಿ. ಅಲ್ಲಿಂದ ಕೂಗಿ ಬಣ್ಣ ಹೇಳಲು ಸಾಧ್ಯವಿಲ್ಲವೆಂದು ತಮ್ಮ ಗಮನಕ್ಕೆ ತರುತ್ತೇನೆ. ಅಕ್ಕನೋ, "ನಿನ್ ಮೂಗಿನ್ ಮ್ಯಾಲೆ ಕನ್ನಡ್ಕ ಕೂರಗಂಟ ನಾನು ಹಸೆ ಮ್ಯಾಲೆ ಕೂರಕಿಲ್ಲ ಕಣೆ" ಎಂದು ಹಟ ಹಿಡಿದಿದ್ದಾಳೆ. ಆದ್ದರಿಂದ ತಮ್ಮ ಕಡತದಲ್ಲಿ ಈಗ ಒಂದು ಮದುವೆಯೂ ಬಾಕಿ ಇದೆ.

೫. ಇದನ್ನು ನಾನು ಹೇಳುತ್ತಿದ್ದೇನೆ, ಅಕ್ಕ ಬರೆಯುತ್ತಿದ್ದಾಳೆ. ನಾಲ್ಕನೇ ಅಂಶದಲ್ಲಿ ಅವಳು ಮೂಗೆಳೆದದ್ದು ಕೇಳಿಸಿತು. ಅದನ್ನು ಸೇರಿಸಬೇಡವೆಂದಳು.

ಆದಕಾರಣ ಮಾಘಕ್ಕೆ ಮುಂಚೆ ಕನ್ನಡಕ ದಯಪಾಲಿಸಬೇಕು. ನಿಯಮ ಅಡ್ಡ ಬಂದಲ್ಲಿ, ಅಕ್ಕನ ಜಾಗದಲ್ಲಿ ಕುಳಿತು ಬಣ್ಣ ಹೇಳಲು ಗುರುಮಲ್ಲಪ್ಪನವರನ್ನೇ ನೇಮಿಸಬೇಕು. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ.

ತಮ್ಮ ವಿಶ್ವಾಸಿ, ತಮ್ಮ ವರದಿಯ ಪ್ರಕಾರ ಕಣ್ಣು ಕಾಣುವ,
ಸರಸ್ವತಮ್ಮ

ಲಗತ್ತು:
೧. ನಾನು ಕೂಡಿಸಿದ ಎರಡು ಎಳೆ. ಎರಡೂ ಕೆಂಪು.
೨. ವರದಿ ಬರೆಯಲು ಹಾಕಿಕೊಂಡು, ಆಮೇಲೆ ಗುರುಮಲ್ಲಪ್ಪನವರು ನಮ್ಮ ಮಗ್ಗದ ಮೇಲೆ ಮರೆತು ಬಿಟ್ಟುಹೋದ ಕನ್ನಡಕ. ವಾಪಸು ಕೊಡುವ ಮೊದಲು ಒಂದು ಸಲ ಹಾಕಿಕೊಂಡು ನೋಡಿದ್ದನ್ನು ಮನ್ನಿಸಬೇಕು. ಒಂದನೇ ಲಗತ್ತಿನ ಬಣ್ಣ ಅಕ್ಕ ಹೇಳಿದ್ದಲ್ಲ.